ಎರಡು ಸಲ ಒತ್ತಿದ್ರೆ ಹಿಡಿಯುತ್ತೆ ಅನ್ನೋ ಬ್ರೇಕು

ಇವತ್ತಿನ ವಿಷಯ ಹಳೇ ಗಾಡಿಗಳ ಡ್ರಮ್ ಬ್ರೇಕ್. ಸವೆದ ಬ್ರೇಕನ್ನ ಮನೆ ಶೆಡ್ಡಲ್ಲೇ ಬಿಚ್ಚಿ ಸರಿ ಮಾಡೋದು ಹೇಗೆ, ಅದರಲ್ಲಿ ನಮ್ಮ ಕೈಲಾಗೋದೇನು, ಯಾವ ಹಂತದಲ್ಲಿ ತಿಳಿದವರ ಹತ್ರ ಹೋಗಲೇಬೇಕು ಅಂತ ಮಾತಾಡೋಣ.

ಹಳೇ ಗಾಡಿ ಇರೋ ಮನೇಲಿ ಮಾತೆಲ್ಲ ಇಂಜಿನ್ ಬಗ್ಗೆನೇ ಇರುತ್ತೆ. ಕಾರ್ಬುರೇಟರ್ ತೊಳೆದ್ವಿ, ಪ್ಲಗ್ ಹಾಕಿದ್ವಿ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು ಅಂತ ಸ್ಟೇಟಸ್ ಹಾಕ್ತೀವಿ. ಆದರೆ ಸ್ಟಾರ್ಟ್ ಆಗದ ಗಾಡಿಯಿಂದ ಯಾರಿಗೂ ಏನೂ ಆಗಲ್ಲ, ಅದು ಶೆಡ್ಡಲ್ಲೇ ಇರುತ್ತೆ. ಸ್ಟಾರ್ಟ್ ಆಗಿ, ಏರು ಹತ್ತಿ, ಇಳಿಜಾರಲ್ಲಿ ನಿಲ್ಲದೇ ಇರೋ ಗಾಡಿ ಇದೆಯಲ್ಲ, ಭಯ ಪಡಬೇಕಾದ್ದು ಅದಕ್ಕೆ.

ನಾನಿರೋದು ಮೂಡಿಗೆರೆ ಕಡೆ, ಒಂದು ಸಣ್ಣ ಕಾಫಿ ತೋಟ. ಈ ಕಡೆ ಗಾಡಿ ಅಂದ್ರೆ ಮೊದಲು ನೆನಪಾಗೋದು ಜೀಪು. 1940ರ ದಶಕದ ಕೊನೇಲಿ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲಿಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ರು. ಆಮೇಲೆ ಅದೇ ವಂಶದ ಸಿಜೆ-3ಬಿ ಜೀಪು ದಶಕಗಟ್ಟಲೆ ಇಲ್ಲೇ ತಯಾರಾಯ್ತು. ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಕಳಸ, ಎಲ್ಲಿ ಹೋದ್ರೂ ಯಾವುದೋ ಒಂದು ಕಾಫಿ ಗೋಡೌನ್ ಪಕ್ಕ ಅಂಥದ್ದೊಂದು ನಿಂತಿರುತ್ತೆ. ಪೇಟೆ ಮನೆಗಳಲ್ಲಾದ್ರೆ ಪ್ರೀಮಿಯರ್ ಪದ್ಮಿನಿ, ಇಲ್ಲಾಂದ್ರೆ 2014ರಲ್ಲಿ ತಯಾರಿ ನಿಂತ ಅಂಬಾಸಿಡರ್. ಈ ಗಾಡಿಗಳ ಹಳೇ ಮಾಡೆಲ್‌ಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕೇ.

ಕಾಗದದ ಲೆಕ್ಕ ಹೇಳ್ಬೇಕಂದ್ರೆ, ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ಮಾತ್ರ ವಿಂಟೇಜ್ ಅಂತ ನೋಂದಣಿ ಸಿಗುತ್ತೆ. ನಂಬರಲ್ಲಿ ‘ವಿಎ’ ಅಂತ ಬರುತ್ತೆ. ಹಾಗೆ ನೋಂದಾಯಿಸಿದ ಗಾಡಿನ ದಿನಾ ಓಡಿಸೋ ಹಾಗಿಲ್ಲ. ಆದ್ರೆ ನಮ್ಮ ಕಡೆ ಜೀಪುಗಳು ಮ್ಯೂಸಿಯಂ ಗಾಡಿಗಳಲ್ಲ. ಗೊಬ್ಬರ ಹೊರ್ತವೆ, ಹಣ್ಣಿನ ಮೂಟೆ ಹೊರ್ತವೆ, ಹುಷಾರಿಲ್ಲದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತವೆ. ಅದಕ್ಕೇ ಬ್ರೇಕ್ ವಿಷಯ ಇಲ್ಲಿ ಹವ್ಯಾಸ ಅಲ್ಲ.

ಕಾಲಿಗೆ ಆಗೋ ಅಭ್ಯಾಸ

ಹಳೇ ಜೀಪಿರೋ ಮನೇಲಿ ಒಂದು ಮಾತು ಕೇಳಿರ್ತೀರ. ‘ಬ್ರೇಕ್ ಚೆನ್ನಾಗೇ ಇದೆ, ಎರಡು ಸಲ ಒತ್ತಬೇಕು ಅಷ್ಟೇ.’ ಗಾಡಿ ಕಲಿಸುವಾಗ ಇದನ್ನ ಒಂದು ಗುಟ್ಟಿನ ಥರ ಹೇಳಿಕೊಡ್ತಾರೆ. ಮೊದಲನೇ ಸಲ ಪೆಡಲ್ ಕೆಳಗೆ ಹೋಗುತ್ತೆ, ಬಿಟ್ಟು ಇನ್ನೊಂದು ಸಲ ಒತ್ತಿದ್ರೆ ಮೇಲೇ ಹಿಡಿಯುತ್ತೆ. ಡ್ರೈವರಿಗೆ ಅದು ಎಷ್ಟು ರೂಢಿ ಆಗಿರುತ್ತೆ ಅಂದ್ರೆ, ಕಾಲು ತಾನಾಗೇ ಎರಡು ಸಲ ಒತ್ತುತ್ತೆ.

ನಮ್ಮ ಮನೆ ಜೀಪಿನದ್ದೂ ಇದೇ ಕಥೆ. ನನ್ನ ತಂಗಿ ಹೊಸದಾಗಿ ಲೈಸೆನ್ಸ್ ಮಾಡಿಸ್ಕೊಂಡು ಬಂದಾಗ ಅಪ್ಪ ಈ ಗುಟ್ಟು ಹೇಳಿಕೊಟ್ರು. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಎರಡನೇ ಸಲ ಒತ್ತೋಕೆ ಟೈಮ್ ಇಲ್ದಿದ್ರೆ?’ ಅದಕ್ಕೆ ಯಾರ ಹತ್ರನೂ ಉತ್ತರ ಇರ್ಲಿಲ್ಲ. ಕೊಯ್ಲು ಶುರುವಾದ್ರೆ ಜೀಪಿಗೆ ಬಿಡುವಿಲ್ಲ, ಹಿಂದುಗಡೆ ಜನ ಕೂರ್ತಾರೆ. ಹಾಗಾಗಿ ಅದಕ್ಕೆ ಮುಂಚೆ, ಮಳೆ ಬಿಟ್ಟ ಒಂದು ವಾರ ನೋಡ್ಕೊಂಡು ನಾಲ್ಕೂ ಚಕ್ರ ಬಿಚ್ಚಿದ್ವಿ.

ಇವತ್ತು ಒಂದೇ ಒಂದು ಮಾತು ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ. ಡ್ರಮ್ ಬ್ರೇಕ್ ಸಾಮಾನ್ಯವಾಗಿ ಒಂದೇ ದಿನ ಹೋಗಲ್ಲ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೋಗುತ್ತೆ, ನಮ್ಮ ಕಾಲು ಅದಕ್ಕೆ ಹೊಂದಿಕೊಳ್ತಾ ಹೋಗುತ್ತೆ. ಹೊಂದಿಕೊಂಡ ಮೇಲೆ ಅದು ತೊಂದರೆ ಅಂತ ಅನ್ನಿಸೋದೇ ಇಲ್ಲ. ಹೊಸಬರು ಬಂದು ಕೂತಾಗಲೇ ಅದು ಗೊತ್ತಾಗೋದು.

ಘಾಟಿಲಿ ಬ್ರೇಕಿಗೆ ಏನಾಗುತ್ತೆ?

ಡ್ರಮ್ ಅಂದ್ರೆ ಚಕ್ರದ ಜೊತೆ ತಿರುಗೋ ಎರಕದ ಕಬ್ಬಿಣದ ಬಾಣಲೆ ಅಂದ್ಕೊಳ್ಳಿ. ಅದರ ಒಳಗೆ ಅರ್ಧಚಂದ್ರದ ಥರ ಎರಡು ಶೂ ಇರ್ತವೆ, ಅವು ತಿರುಗಲ್ಲ. ಶೂ ಮೇಲೆ ಲೈನಿಂಗ್ ಅಂತ ಒಂದು ಪಟ್ಟಿ. ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿಂದ ಬ್ರೇಕ್ ಆಯಿಲ್ ಪೈಪಲ್ಲಿ ಹೋಗಿ, ಚಕ್ರದ ಹತ್ರ ಇರೋ ಪುಟ್ಟ ವೀಲ್ ಸಿಲಿಂಡರಿನ ಪಿಸ್ಟನ್‌ಗಳನ್ನ ತಳ್ಳುತ್ತೆ. ಪಿಸ್ಟನ್ ಶೂನ ತಳ್ಳುತ್ತೆ, ಲೈನಿಂಗ್ ಡ್ರಮ್ಮಿಗೆ ಉಜ್ಜುತ್ತೆ. ಕಾಲು ತೆಗೆದಾಗ ಸ್ಪ್ರಿಂಗ್ ಶೂನ ವಾಪಸ್ ಎಳೆಯುತ್ತೆ.

ಡ್ರಮ್ ಬ್ರೇಕಿನ ಒಂದು ಗುಣ ಏನಂದ್ರೆ, ತಿರುಗ್ತಿರೋ ಡ್ರಮ್ಮೇ ಮುಂದಿನ ಶೂನ ತನ್ನ ಜೊತೆ ಎಳೆದು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತೆ. ಹಾಗಾಗಿ ಬೂಸ್ಟರ್ ಇಲ್ಲದ ಹಳೇ ಗಾಡಿನೂ ಕಾಲಿನ ಬಲದಲ್ಲೇ ನಿಲ್ಲುತ್ತೆ. ಇದೇ ಗುಣದಿಂದ ಕಷ್ಟವೂ ಇದೆ. ಒಂದು ಕಡೆ ಶೂಗೆ ಸ್ವಲ್ಪ ಎಣ್ಣೆ ತಾಗಿದ್ರೂ ಎಡಕ್ಕೂ ಬಲಕ್ಕೂ ಹಿಡಿತದಲ್ಲಿ ದೊಡ್ಡ ವ್ಯತ್ಯಾಸ ಬಂದು, ಗಾಡಿ ಒಂದು ಕಡೆ ಎಳೆಯುತ್ತೆ.

ಈಗ ಘಾಟಿಗೆ ಬನ್ನಿ. ಜನ, ಸಾಮಾನು ಸೇರಿ 1,500 ಕಿಲೋ ತೂಗೋ ಜೀಪು 500 ಮೀಟರ್ ಎತ್ತರ ಇಳಿಯುತ್ತೆ ಅಂತ ಲೆಕ್ಕ ಹಾಕಿ. ಪೂರ್ತಿ ಬ್ರೇಕಲ್ಲೇ ಇಳಿಸಿದ್ರೆ ಹುಟ್ಟೋ ಶಾಖ ಸುಮಾರು 73 ಲಕ್ಷ ಜೂಲ್. 20 ಡಿಗ್ರಿಯ ನೀರು 22 ಲೀಟರ್ ಇಟ್ಟು ಕುದಿಸೋಕೆ ಬೇಕಾಗೋವಷ್ಟು ಶಾಖ ಅದು. ಅಷ್ಟೂ ಆ ನಾಲ್ಕು ಡ್ರಮ್ಮಿನ ಒಳಗೆ ಹುಟ್ಟುತ್ತೆ. ಡಿಸ್ಕ್ ಬ್ರೇಕಿಗಾದ್ರೆ ಗಾಳಿ ಸಿಗುತ್ತೆ, ಡ್ರಮ್ ಮುಚ್ಚಿದ ಡಬ್ಬಿ. ಬಿಸಿಯಾದಾಗ ಡ್ರಮ್ ಹಿಗ್ಗಿ ಶೂಯಿಂದ ದೂರ ಹೋಗುತ್ತೆ, ಪೆಡಲ್ ಇನ್ನೂ ಕೆಳಗೆ ಹೋಗುತ್ತೆ. ಲೈನಿಂಗಿನ ಹಿಡಿತ ಕಮ್ಮಿ ಆಗುತ್ತೆ. ಎಷ್ಟು ಒತ್ತಿದ್ರೂ ಗಾಡಿ ನಿಧಾನ ಆಗಲ್ಲ. ಇದಕ್ಕೇ ಮೆಕ್ಯಾನಿಕ್‌ಗಳು ಬ್ರೇಕ್ ಫೇಡ್ ಅನ್ನೋದು.

ಚಾರ್ಮಾಡಿ ಘಾಟಿಲಿ ಅಣ್ಣಪ್ಪಸ್ವಾಮಿ ಗುಡಿ ಹತ್ರ ಡ್ರೈವರ್‌ಗಳು ಗಾಡಿ ನಿಲ್ಲಿಸಿ ಕೈ ಮುಗಿದು ಹೋಗೋದನ್ನ ನೋಡಿರ್ತೀರ. ಭಕ್ತಿ ಅವರವರದ್ದು. ಆದ್ರೆ ಇಳಿಜಾರಿನ ಮಧ್ಯೆ ಐದು ಹತ್ತು ನಿಮಿಷ ಗಾಡಿ ನಿಂತ್ರೆ ಡ್ರಮ್ಮಿಗೂ ಒಳ್ಳೇದೇ.

ಪೆಡಲ್ ಹೇಳೋ ಸುದ್ದಿ

ಬಿಚ್ಚೋಕೆ ಮುಂಚೆ ಪೆಡಲ್ ಏನು ಹೇಳ್ತಿದೆ ಅಂತ ಗಮನಿಸಿ. ಪೆಡಲ್ ಕೆಳಗೆ ಹೋಗಿ, ಎರಡನೇ ಸಲಕ್ಕೆ ಮೇಲೆ ಹಿಡಿದ್ರೆ ಶೂಗೂ ಡ್ರಮ್ಮಿಗೂ ನಡುವಿನ ಅಂತರ ಜಾಸ್ತಿ ಆಗಿದೆ ಅಂತ ಅರ್ಥ. ಲೈನಿಂಗ್ ಸವೆದಿದೆ, ಅಥವಾ ಅಡ್ಜಸ್ಟ್ ಮಾಡಿಲ್ಲ. ಈ ಹಳೇ ಗಾಡಿಗಳಲ್ಲಿ ಸವೆತಕ್ಕೆ ತಕ್ಕ ಹಾಗೆ ಶೂ ತಾನಾಗೇ ಹತ್ರ ಬರಲ್ಲ, ನಾವೇ ಸ್ಪ್ಯಾನರ್ ಹಾಕಿ ತರಬೇಕು.

ಪೆಡಲ್ ಸ್ಪಂಜಿನ ಥರ ಮೆತ್ತಗಿದ್ರೆ ಪೈಪಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗೆ ಇಳೀತಾ ಹೋದ್ರೆ ಎಲ್ಲೋ ಸೋರ್ತಿದೆ, ಇಲ್ಲಾಂದ್ರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿದೆ. ಗಾಡಿ ಒಂದು ಕಡೆ ಎಳೆದ್ರೆ ಒಂದು ಚಕ್ರದ ಶೂಗೆ ಎಣ್ಣೆ ತಾಗಿರಬಹುದು, ಅಥವಾ ಪಿಸ್ಟನ್ ಜಾಮ್ ಆಗಿರಬಹುದು. ಕಾಲಿಗೆ ದಡ ದಡ ಅಂತ ಬಡಿದ್ರೆ ಡ್ರಮ್ ದುಂಡಗೆ ಉಳಿದಿಲ್ಲ. ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದೇ ಇದ್ರೆ ಹಳೇ ರಬ್ಬರ್ ಹೋಸ್ ಒಳಗಡೆ ಊದಿಕೊಂಡು ಆಯಿಲ್ ವಾಪಸ್ ಬರೋಕೆ ಬಿಡ್ತಿಲ್ಲ ಅಂತ ಅನುಮಾನ ಪಡಿ.

ಇವನ್ನೆಲ್ಲ ಫೋನಲ್ಲಿ ಬರೆದಿಟ್ಕೊಳ್ಳಿ. ಬಿಚ್ಚಿದ ಮೇಲೆ ಕಾಣೋದಕ್ಕೂ ಇದಕ್ಕೂ ತಾಳೆ ಆಗಬೇಕು. ಆಗಲಿಲ್ಲ ಅಂದ್ರೆ ಇನ್ನೂ ಹುಡುಕೋದಿದೆ ಅಂತ ಅರ್ಥ.

ಬಿಚ್ಚೋಕೆ ಮುಂಚೆ ಎರಡು ಎಚ್ಚರ

ಮೊದಲನೇದು ಜಾಕಿ. ಹಳೇ ವಿಲ್ಲಿಸ್ ಮಾದರಿ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರಲ್ಲ, ಗೇರ್ ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಇರುತ್ತೆ. ಹಿಂದಿನ ಒಂದು ಚಕ್ರ ನೆಲದಿಂದ ಎತ್ತಿದ ತಕ್ಷಣ ಡಿಫರೆನ್ಷಿಯಲ್ ದೆಸೆಯಿಂದ ಎತ್ತಿದ ಚಕ್ರ ಒಂದು ಕಡೆ ತಿರುಗಿ, ನೆಲದ ಮೇಲಿರೋ ಚಕ್ರ ಇನ್ನೊಂದು ಕಡೆ ಉರುಳಬಹುದು. ಅಂದ್ರೆ ಹ್ಯಾಂಡ್ ಬ್ರೇಕ್ ಎಳೆದಿದ್ರೂ ಗಾಡಿ ಜಾಕಿಯಿಂದ ಜಾರುತ್ತೆ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ ಬೇಕು, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡಗಟ್ಟೆ ಬೇಕು, ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಬೇಕು. ಮಲೆನಾಡಿನ ಒದ್ದೆ ಮಣ್ಣಲ್ಲಿ ಜಾಕಿ ಹೂತು ಹೋಗುತ್ತೆ, ಅಡಿಗೆ ದಪ್ಪ ಹಲಗೆ ಕೊಡಿ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗೋದು ಬೇಡವೇ ಬೇಡ.

ಎರಡನೇದು ಧೂಳು. ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಬಹಳ. ಎಲ್ಲಾ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಡ್ರಮ್ ಬಿಚ್ಚಿದ ಕೂಡಲೇ ಬಾಯಲ್ಲಿ ಊದೋದು, ಗಾಳಿ ಪೈಪ್ ಹಿಡಿಯೋದು ನಾವೆಲ್ಲ ನೋಡಿರೋದೇ. ದಯವಿಟ್ಟು ಬೇಡ. ಸೋಪು ನೀರು ಸ್ಪ್ರೇ ಮಾಡಿ, ಧೂಳು ಒದ್ದೆ ಆದ ಮೇಲೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆನ ಕವರಿಗೆ ಹಾಕಿ ಕಟ್ಟಿ. ಮಾಸ್ಕ್ ಹಾಕ್ಕೊಳ್ಳಿ, ಆದ್ರೆ ಮಾಸ್ಕ್ ಇದೆ ಅಂತ ಊದಬೇಡಿ. ಮಕ್ಕಳು ಶೆಡ್ಡಿನಿಂದ ದೂರ ಇರಲಿ.

ಒಳಗೆ ಕಂಡಿದ್ದು

ಸವೆದ ಡ್ರಮ್ಮಿನ ಅಂಚಲ್ಲಿ ಒಂದು ಏಣು ನಿಂತಿರುತ್ತೆ. ಅದಕ್ಕೆ ಶೂ ಸಿಕ್ಕಿಹಾಕಿಕೊಂಡು ಡ್ರಮ್ ಹೊರಗೆ ಬರಲ್ಲ. ಸುತ್ತಿಗೆ ತಗೊಳ್ಳೋ ಮುಂಚೆ ಅಡ್ಜಸ್ಟರ್ ಸಡಿಲ ಮಾಡಿ, ಶೂ ಒಳಗೆ ಸರಿಯುತ್ತೆ. ಎರಕದ ಕಬ್ಬಿಣ ಏಟಿಗೆ ಬಿರುಕು ಬಿಡುತ್ತೆ. ಕೆಲವು ಜೀಪುಗಳಲ್ಲಿ ಹಿಂದಿನ ಹಬ್ ಟೇಪರ್ ಆಕ್ಸಲ್ ಮೇಲೆ ಬಿಗಿಯಾಗಿ ಕೂತಿರುತ್ತೆ. ಅದಕ್ಕೆ ಪುಲ್ಲರ್ ಬೇಕು, ಬಾಡಿಗೆಗೆ ತನ್ನಿ.

ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಸ್ಪ್ರಿಂಗ್ ತೆಗೆಯೋಕೆ ಮುಂಚೆ ಫೋಟೋ ತೆಗೀರಿ. ಎರಡು ಶೂಗಳ ಲೈನಿಂಗ್ ಉದ್ದ ಬೇರೆ ಬೇರೆ ಇರಬಹುದು, ಮುಂದಿನದು ಹಿಂದಕ್ಕೆ ಹೋಗಬಾರದು. ಜೋಡಿಸುವಾಗ ಅನುಮಾನ ಬಂದ್ರೆ ಬಿಚ್ಚದೇ ಇರೋ ಇನ್ನೊಂದು ಕಡೆ ಚಕ್ರವೇ ನಿಮ್ಮ ಪುಸ್ತಕ. ಸ್ಪ್ರಿಂಗ್ ಹಾರಿದ್ರೆ ಕಣ್ಣಿಗೇ ಬರುತ್ತೆ, ಕನ್ನಡಕ ಇರಲಿ.

ನಮ್ಮ ಜೀಪಲ್ಲಿ ಎಡಗಡೆ ಹಿಂದಿನ ಶೂ ಒದ್ದೆ ಇತ್ತು. ಆ ಒದ್ದೆ ಯಾವ ಎಣ್ಣೆ ಅಂತ ನೋಡೋದು ಮುಖ್ಯ. ಬ್ರೇಕ್ ಆಯಿಲ್ ನೀರಿನ ಥರ ತೆಳ್ಳಗೆ, ವೀಲ್ ಸಿಲಿಂಡರಿನ ರಬ್ಬರ್ ಕೆಳಗಿಂದ ಬರುತ್ತೆ. ಗೇರ್ ಆಯಿಲ್ ದಪ್ಪ, ಗಂಧಕದ ಗಬ್ಬು ವಾಸನೆ. ಅದಾದ್ರೆ ಆಕ್ಸಲ್ ಸೀಲ್ ಹೋಗಿದೆ. ಸೀಲ್ ಬದಲಿಸದೇ ಹೊಸ ಶೂ ಹಾಕಿದ್ರೆ ಸ್ವಲ್ಪ ದಿನಕ್ಕೆ ಅದೂ ಹಾಳು. ನಮ್ಮದು ಸಿಲಿಂಡರಿನದ್ದೇ ಆಗಿತ್ತು. ಬಲಗಡೆ ಮುಂದಿನ ಚಕ್ರದಲ್ಲಿ ಒಂದು ಪಿಸ್ಟನ್ ತುಕ್ಕು ಹಿಡಿದು ಅಲ್ಲಾಡ್ತಾನೇ ಇರ್ಲಿಲ್ಲ. ಅಂದ್ರೆ ನಾಲ್ಕು ಬ್ರೇಕ್ ಅಂತ ನಂಬಿ ಓಡಾಡ್ತಿದ್ದ ಗಾಡಿಲಿ ಸರಿಯಾಗಿ ಕೆಲಸ ಮಾಡ್ತಿದ್ದಿದ್ದು ಎರಡೇ. ಎರಡು ಸಲ ಒತ್ತೋ ಗುಟ್ಟು ಇಷ್ಟು ದಿನ ಇದನ್ನೆಲ್ಲ ಮುಚ್ಚಿಟ್ಟಿತ್ತು.

ಸವೆತ ಅಳೆಯೋಕೆ ಒಂದು ಸುಲಭದ ಅಳತೆ ಹೇಳ್ತೀನಿ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ರಿವೆಟ್ ಹೊಡೆದ ಲೈನಿಂಗ್ ಆದ್ರೆ ರಿವೆಟ್ ತಲೆಯಿಂದ ಮೇಲಕ್ಕೆ ಕನಿಷ್ಠ ಒಂದು ಕಾರ್ಡಿನಷ್ಟು ಲೈನಿಂಗ್ ಉಳಿದಿರಬೇಕು. ಅದಕ್ಕಿಂತ ಕಮ್ಮಿ ಇದ್ರೆ ರಿವೆಟ್ಟೇ ಡ್ರಮ್ಮನ್ನ ಗೀರುತ್ತೆ. ಅಂಟಿಸಿದ ಲೈನಿಂಗ್ ಆದ್ರೆ ಎರಡು ಕಾರ್ಡಿನಷ್ಟಾದ್ರೂ ಬೇಕು. ಎಣ್ಣೆ ಕುಡಿದ ಲೈನಿಂಗ್ ಎಷ್ಟು ದಪ್ಪ ಇದ್ರೂ ಎಸೆಯೋದೇ. ಪೆಟ್ರೋಲಲ್ಲಿ ತೊಳೆದು ಬೆಂಕಿ ಹಚ್ಚಿ ಒಣಗಿಸೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಬದಲಿಸುವಾಗ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ, ಇಲ್ಲಾಂದ್ರೆ ಗಾಡಿ ಒಂದು ಕಡೆ ಎಳೆಯುತ್ತೆ.

ಡ್ರಮ್ಮಿಗೆ ಒಂದು ಹಳೇ ಪರೀಕ್ಷೆ ಇದೆ. ಹಗ್ಗದಲ್ಲಿ ತೂಗು ಹಾಕಿ ಸ್ಪ್ಯಾನರಲ್ಲಿ ಮೆಲ್ಲಗೆ ತಟ್ಟಿ. ಗಂಟೆ ಥರ ನಾದ ಬರಬೇಕು. ಒಡೆದ ಮಡಕೆ ಥರ ಶಬ್ದ ಬಂದ್ರೆ ಬಿರುಕಿದೆ, ಆ ಡ್ರಮ್ ಗುಜರಿಗೆ. ಆಮೇಲೆ ವರ್ನಿಯರ್ ಹಿಡಿದು ಒಳ ವ್ಯಾಸನ ನಾಲ್ಕು ಕಡೆ ಅಳೀರಿ. ನಾಲ್ಕೂ ಒಂದೇ ಬಂದ್ರೆ ಡ್ರಮ್ ದುಂಡಗಿದೆ.

ಮನೇಲಿ ಮಾಡಬಾರದ ಕೆಲಸ

ಡ್ರಮ್ಮಲ್ಲಿ ಆಳದ ಗೀರು ಇದ್ರೆ, ದುಂಡಗಿಲ್ಲದಿದ್ರೆ ಲೇತಿಗೆ ಕೊಡಬೇಕು. ಆದ್ರೆ ಎಷ್ಟು ಬೇಕಾದ್ರೂ ಕೆತ್ತಿಸೋ ಹಾಗಿಲ್ಲ. ಹಳೇ ಗಾಡಿಗಳಿಗೆ ಸಾಮಾನ್ಯ ಮಿತಿ ಮೂಲ ವ್ಯಾಸಕ್ಕಿಂತ 60 ಥೌ, ಅಂದ್ರೆ ಸುಮಾರು 1.5 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ರೆ ಅದೇ ಕೊನೆ ಮಾತು. ಹಿಂದೆ ಯಾರೋ ಎರಡು ಸಲ ಕೆತ್ತಿಸಿರಬಹುದು, ಹಾಗಾಗಿ ಕೊಡೋಕೆ ಮುಂಚೆನೂ ಅಳೀರಿ, ತಂದ ಮೇಲೂ ಅಳೀರಿ. ತೆಳ್ಳಗಾದ ಡ್ರಮ್ ಬೇಗ ಬಿಸಿಯಾಗುತ್ತೆ, ಬಿಸಿಲಿ ಬಾಗುತ್ತೆ.

ಲೈನಿಂಗ್ ರಿವೆಟ್ ಹೊಡೆಯೋದು, ಅಂಟಿಸೋದು ಕೂಡ ಅದೇ ಕೆಲಸ ಮಾಡೋ ಅಂಗಡಿಗೆ ಬಿಡಿ. ಶೂ ಜೊತೆ ಡ್ರಮ್ಮನ್ನೂ ತಗೊಂಡು ಹೋಗಿ. ಯಾಕಂದ್ರೆ ಕೆತ್ತಿಸಿದ ಡ್ರಮ್ಮಿನ ಒಳಸುತ್ತು ದೊಡ್ಡದಾಗಿರುತ್ತೆ. ಅದಕ್ಕೆ ಮಾಮೂಲಿ ಶೂ ಹಾಕಿದ್ರೆ ನಡುವಲ್ಲಿ ಮಾತ್ರ ತಾಗುತ್ತೆ, ತುದಿಗಳು ತಾಗಲ್ಲ. ಬಾಗು ಸರಿಹೊಂದಿಸಿ ಉಜ್ಜಿಕೊಡಿ ಅಂತ ಹೇಳಿ. ಕೇಳಿದ್ರೆ ಮಾಡಿಕೊಡ್ತಾರೆ, ಕೇಳದಿದ್ರೆ ಬಹಳ ಜನ ಮಾಡಲ್ಲ.

ವೀಲ್ ಸಿಲಿಂಡರ್ ಒಳಗೆ ಬೆರಳಾಡಿಸಿ ನೋಡಿ. ನುಣ್ಣಗಿದ್ರೆ ಹೊಸ ರಬ್ಬರ್ ಕಿಟ್ ಸಾಕು. ತುಕ್ಕಿನ ಗುಳಿ ಸಿಕ್ಕಿದ್ರೆ ಸಿಲಿಂಡರ್ರೇ ಹೊಸದು ಹಾಕಿ, ಗುಳಿ ಮೇಲೆ ಹೊಸ ರಬ್ಬರ್ ಹೆಚ್ಚು ದಿನ ಬಾಳಲ್ಲ. ತೊಳೆಯೋಕೆ ಬ್ರೇಕ್ ಆಯಿಲ್ ಇಲ್ಲಾಂದ್ರೆ ಸ್ಪಿರಿಟ್ ಮಾತ್ರ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿದ್ರೆ ಆ ರಬ್ಬರ್ ಊದಿಕೊಳ್ಳುತ್ತೆ. ಆಯಿಲ್ ಕಮ್ಮಿ ಇದೆ ಅಂತ ಇಂಜಿನ್ ಆಯಿಲ್ ಸುರಿಯೋದು ಇನ್ನೂ ಕೆಟ್ಟದ್ದು. ಮಾಸ್ಟರ್ ಸಿಲಿಂಡರಿಂದ ಹಿಡಿದು ಎಲ್ಲಾ ರಬ್ಬರ್ ಊದಿ ಬ್ರೇಕ್ ಜಾಮ್ ಆಗುತ್ತೆ. ತುಕ್ಕು ಹಿಡಿದ ಸ್ಟೀಲ್ ಪೈಪಿನ ಬದಲು ಸಿಕ್ಕ ತಾಮ್ರದ ಕೊಳವೆ ಹಾಕೋದೂ ಬೇಡ, ಅದು ನಡುಗಿ ನಡುಗಿ ಸೀಳುತ್ತೆ.

ಜೋಡಿಸೋದು, ಗಾಳಿ ತೆಗೆಯೋದು

ಶೂ ಡ್ರಮ್ಮಿಗೆ ಎಲ್ಲಿ ತಾಗ್ತಿದೆ ಅಂತ ನೋಡೋಕೆ ಸೀಮೆಸುಣ್ಣ ಸಾಕು. ಡ್ರಮ್ಮಿನ ಒಳಗೆ ತೆಳ್ಳಗೆ ಬಳಿದು, ಹಾಕಿ, ಬ್ರೇಕ್ ಮೆಲ್ಲಗೆ ತಾಗೋ ಹಾಗೆ ಮಾಡಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಶೂ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ ತಾಗ್ತಿದೆ. ನೋಡಿದ ಮೇಲೆ ಸುಣ್ಣ ಪೂರ್ತಿ ಒರೆಸಿ. ಲೈನಿಂಗನ್ನ ಗ್ರೀಸ್ ಕೈಯಲ್ಲಿ ಮುಟ್ಟಬೇಡಿ.

ಅಡ್ಜಸ್ಟ್ ಮಾಡೋ ರೀತಿ ಹೀಗೆ. ಚಕ್ರ ತಿರುಗಿಸ್ತಾ ಅಡ್ಜಸ್ಟರ್ ಬಿಗಿ ಮಾಡ್ತಾ ಹೋಗಿ. ಶೂ ಉಜ್ಜೋ ಶಬ್ದ ಬಂದು ಚಕ್ರ ಭಾರ ಆದಾಗ ನಿಲ್ಲಿಸಿ, ಚಕ್ರ ಸಲೀಸಾಗಿ ತಿರುಗೋವಷ್ಟು ಮಾತ್ರ ವಾಪಸ್ ಬಿಡಿ. ಪ್ರತಿ ಶೂಗೂ, ಪ್ರತಿ ಚಕ್ರಕ್ಕೂ. ಪೆಡಲಿಗೆ ಮೇಲ್ಗಡೆ ಸ್ವಲ್ಪ ಸಡಿಲ ಇರಲೇಬೇಕು, ಹಳೇ ವಿಲ್ಲಿಸ್ ಜೀಪಿಗೆ ಸುಮಾರು ಅರ್ಧ ಇಂಚು. ಅದೂ ಇಲ್ಲದ ಹಾಗೆ ಬಿಗಿ ಮಾಡಿದ್ರೆ ಕಾಲು ತೆಗೆದ ಮೇಲೆ ಆಯಿಲ್ ಮಾಸ್ಟರ್ ಸಿಲಿಂಡರಿಗೆ ವಾಪಸ್ ಹೋಗೋಕೆ ದಾರಿ ಇರಲ್ಲ. ಓಡ್ತಾ ಓಡ್ತಾ ಬಿಸಿಯಾಗಿ ಬ್ರೇಕ್ ತಾನಾಗೇ ಹಿಡ್ಕೊಳ್ಳುತ್ತೆ.

ಬ್ರೇಕ್ ಆಯಿಲ್ ಹೊಸ ಸೀಲ್ಡ್ ಡಬ್ಬಿಯದ್ದೇ ಬೇಕು. ಇದು ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 3 ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳೀಬಹುದು. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತೆ. ಘಾಟಿ ಇಳಿಯುವಾಗ ಸಿಲಿಂಡರ್ ಒಳಗೆ ಆಯಿಲ್ ಕುದ್ದು ಆವಿ ಆದ್ರೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ನಮ್ಮ ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ, ಶೆಲ್ಫಲ್ಲಿ ಅರ್ಧ ಉಳಿದ ಬ್ರೇಕ್ ಆಯಿಲ್ ಡಬ್ಬಿ ಹೇಗಿರುತ್ತೆ ಯೋಚಿಸಿ.

ಗಾಳಿ ತೆಗೆಯೋಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಮ್ಮ ಬಲಗೈ ಡ್ರೈವಿಂಗ್ ಗಾಡಿಗಳಲ್ಲಿ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಕೊನೆಗೆ ಬಲ ಮುಂದೆ. ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಆಯಿಲ್ ಇರೋ ಬಾಟಲಿಯಲ್ಲಿ ಮುಳುಗಿಸಿ. ನಮ್ಮಲ್ಲಿ ತಂಗಿ ಪೆಡಲ್ ಮೇಲೆ, ನಾನು ಕೆಳಗೆ.

‘ಒತ್ತು.’

‘ಒತ್ತಿದೆ ಅಣ್ಣ.’

ಈಗ ನಿಪ್ಪಲ್ ಸಡಿಲ, ಗುಳ್ಳೆ ಬರುತ್ತೆ, ನಿಪ್ಪಲ್ ಬಿಗಿ.

‘ಬಿಡು.’

ಬಿಗಿ ಮಾಡೋ ಮುಂಚೆ ಪೆಡಲ್ ಬಿಟ್ರೆ ಗಾಳಿ ವಾಪಸ್ ಒಳಗೆ ಹೋಗುತ್ತೆ, ಅದಕ್ಕೇ ಇಬ್ಬರೂ ಜೋರಾಗಿ ಹೇಳಿ, ಜೋರಾಗಿ ಉತ್ತರ ಕೊಡಬೇಕು. ಗುಳ್ಳೆ ನಿಲ್ಲೋವರೆಗೂ ಇದೇ. ಮಧ್ಯೆ ಮಧ್ಯೆ ಮಾಸ್ಟರ್ ಸಿಲಿಂಡರಲ್ಲಿ ಆಯಿಲ್ ಎಷ್ಟಿದೆ ನೋಡ್ತಿರಿ. ಖಾಲಿಯಾದ್ರೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಘಾಟಿ ಕೊನೆಗೆ

ಮೊದಲ ಪರೀಕ್ಷೆ ನಿಂತಲ್ಲೇ. ಪೆಡಲ್ ಜೋರಾಗಿ ಒತ್ತಿ ಒಂದು ನಿಮಿಷ ಹಿಡೀರಿ. ಒಂದು ಚೂರೂ ಇಳೀಬಾರದು. ಇನ್ನೊಬ್ಬರು ಅಷ್ಟರಲ್ಲಿ ನಾಲ್ಕೂ ಚಕ್ರದ ಹಿಂದೆ ಟಾರ್ಚ್ ಬಿಟ್ಟು ಎಲ್ಲಾದ್ರೂ ಒದ್ದೆ ಇದೆಯಾ ನೋಡ್ಲಿ. ಆಮೇಲೆ ತೋಟದ ಸಮತಟ್ಟು ದಾರೀಲಿ ನಡಿಗೆ ವೇಗ, ಆಮೇಲೆ 20, ಆಮೇಲೆ 40 ಕಿಲೋಮೀಟರ್. ಹೊಸ ಲೈನಿಂಗ್ ಕೂರೋಕೆ ಟೈಮ್ ಬೇಕು. 40ರಿಂದ ಮೆಲ್ಲಗೆ ಬ್ರೇಕ್ ಹಾಕಿ ನಿಧಾನ ಮಾಡಿ, ತಣ್ಣಗಾಗೋಕೆ ಬಿಟ್ಟು, ಹೀಗೆ ಇಪ್ಪತ್ತು ಮೂವತ್ತು ಸಲ. ನಿಲ್ಲಿಸಿ ಪ್ರತಿ ಡ್ರಮ್ಮಿನ ಹತ್ರ ಅಂಗೈ ಹಿಡೀರಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ರೆ ಅಲ್ಲಿ ಶೂ ಉಜ್ತಾ ಇದೆ. ಒಂದು ಮಾತ್ರ ತಣ್ಣಗಿದ್ರೆ ಅದು ಕೆಲಸ ಮಾಡ್ತಿಲ್ಲ. ಘಾಟಿಗೆ ಹೋಗೋಕೆ ಮುಂಚೆ ಒಬ್ಬ ಅನುಭವಸ್ಥ ಮೆಕ್ಯಾನಿಕ್ ಹತ್ರ ತೋರಿಸಿ, ಅವರೇ ಓಡಿಸಿ ನೋಡ್ಲಿ. ನಾವು ಹಾಗೇ ಮಾಡಿದ್ದು.

ಇಷ್ಟೆಲ್ಲ ಮಾಡಿದ್ರೂ ಆ ಕಾಲದ ಗಾಡಿಯ ಒಂದು ಮಿತಿ ಹೋಗಲ್ಲ. ಆ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಆಯಿಲ್ ಲೈನು. ಈಗಿನ ಕಾರುಗಳಲ್ಲಿ ಎರಡು ಲೈನ್ ಇರುತ್ತೆ, ಒಂದು ಹೋದ್ರೆ ಇನ್ನೊಂದು ಉಳಿಯುತ್ತೆ. ಹಳೇ ಜೀಪಲ್ಲಿ ಒಂದು ಹೋಸ್ ಒಡೆದ್ರೆ ನಾಲ್ಕೂ ಹೋಯ್ತು. ಅದಕ್ಕೇ ಇಳಿಜಾರಲ್ಲಿ ಮೊದಲ ಬ್ರೇಕು ಗೇರು. ಹತ್ತೋಕೆ ಯಾವ ಗೇರ್ ಬೇಕಾಯ್ತೋ ಇಳಿಯೋಕೂ ಅದೇ ಗೇರ್ ಅಂತ ಹಿರಿಯ ಡ್ರೈವರ್‌ಗಳು ಹೇಳೋದು ಸುಮ್ಮನೆ ಅಲ್ಲ. ಇಂಜಿನ್ ಗಾಡಿನ ತಡೆದು ಹಿಡಿದ್ರೆ ಆ 22 ಲೀಟರ್ ನೀರು ಕುದಿಸೋ ಶಾಖದಲ್ಲಿ ದೊಡ್ಡ ಪಾಲು ಡ್ರಮ್ಮಿಗೆ ಹೋಗೋದೇ ಇಲ್ಲ. ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲ್ ಉಳಿಸೋ ಆಟ ಘಾಟಿಲಿ ಬೇಡ.

ಮಳೆಗಾಲದ ಮಾತೂ ಹೇಳಿಬಿಡ್ತೀನಿ. ಕಳಸದಿಂದ ಹೊರನಾಡಿಗೆ ಹೋಗೋ ದಾರೀಲಿ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗೋ ಸುದ್ದಿ ಪ್ರತಿ ವರ್ಷ ನೋಡ್ತೀವಿ. ಸೇತುವೆ ಮೇಲೆ ನೀರು ಹರೀತಿದ್ರೆ ಗಾಡಿ ಇಳಿಸೋದೇ ಬೇಡ. ದಾರಿ ಮೇಲಿನ ಸಣ್ಣ ನೀರು ದಾಟಿದ್ರೂ ಡ್ರಮ್ ಒಳಗೆ ನೀರು ಉಳಿಯುತ್ತೆ, ಮೊದಲ ಒಂದೆರಡು ಸಲ ಬ್ರೇಕ್ ಹಿಡಿಯಲ್ಲ. ದಾಟಿದ ಮೇಲೆ ನಿಧಾನಕ್ಕೆ ಓಡಿಸ್ತಾ ಪೆಡಲ್ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ಚಕ್ರದಲ್ಲೇ ಹ್ಯಾಂಡ್ ಬ್ರೇಕ್ ಇರೋ ಗಾಡಿನ ಮಳೆಗಾಲ ಪೂರ್ತಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತೆ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಈ ಕೆಲಸ ಎಲ್ಲರೂ ಮನೇಲೇ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಟೂಲ್ಸ್ ಇಲ್ಲ, ಸ್ಟ್ಯಾಂಡ್ ಇಲ್ಲ, ನೋಡಿ ಹೇಳೋ ತಿಳಿದವರಿಲ್ಲ ಅಂದ್ರೆ ಬಿಚ್ಚಬೇಡಿ, ಗ್ಯಾರೇಜಿಗೆ ಕೊಡಿ. ಆದ್ರೆ ಪರೀಕ್ಷೆ ಮಾತ್ರ ಯಾರು ಬೇಕಾದ್ರೂ ಮಾಡಬಹುದು. ನಿಮ್ಮ ಮನೇಲೋ, ಅಜ್ಜನ ಮನೇಲೋ ಹಳೇ ಗಾಡಿ ಇದ್ರೆ, ಆ ಗಾಡಿ ಓಡಿಸಿ ರೂಢಿ ಇಲ್ಲದ ಒಬ್ಬರನ್ನ ಸೀಟಲ್ಲಿ ಕೂರಿಸಿ. ಗಾಡಿ ನಿಂತೇ ಇರಲಿ. ಪೆಡಲ್ ಒಂದೇ ಸಲ ಒತ್ತೋಕೆ ಹೇಳಿ, ಎಲ್ಲಿಗೆ ಹೋಗಿ ನಿಲ್ತು ಅಂತ ಕೇಳಿ. ‘ನೆಲದ ಹತ್ರ ಹೋಯ್ತು’ ಅಂತ ಅವರು ಹೇಳಿದ್ರೆ, ‘ಎರಡು ಸಲ ಒತ್ತು’ ಅನ್ನಬೇಡಿ. ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಬ್ರೇಕ್ ಸರಿಯಾಗೋವರೆಗೂ ಆ ಗಾಡಿ ಶೆಡ್ಡಲ್ಲೇ ಇರ್ಲಿ.

ಘಾಟಿಲಿ ನಿಧಾನ.